ಎಸ್‌ಕ್ಯೂಎಲ್ ಬಾರದವರ ಕೈಗೆ ಡೇಟಾಬೇಸ್: ಐದು ದಾರಿಗಳಲ್ಲಿ ಯಾವುದನ್ನು ಕೊಡಬೇಕು?

ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನೀವು ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸದಸ್ಯರು ಬಂದು ಹಾಲು ಹಾಕುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ದರ ಎಲ್ಲವೂ ಒಂದೊಂದು ಸಾಲಾಗಿ ಡೇಟಾಬೇಸಿಗೆ ಸೇರುತ್ತವೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಒಂದು ದಿನ ಕಾರ್ಯದರ್ಶಿ ಕೇಳುತ್ತಾರೆ: "ಹೋದ ಬಟವಾಡೆ ಆದಮೇಲೆ ಒಂದು ಲೀಟರನ್ನೂ ಹಾಕದ ಸದಸ್ಯರು ಯಾರ್ಯಾರು?"

ಉತ್ತರ ಡೇಟಾಬೇಸಿನಲ್ಲೇ ಇದೆ. ಅದನ್ನು ಹೊರಗೆ ತೆಗೆಯುವ ದಾರಿ ಮಾತ್ರ ಅವರ ಕೈಯಲ್ಲಿಲ್ಲ. ಪ್ರತಿ ಪ್ರಶ್ನೆಗೂ ನಿಮಗೆ ಫೋನ್ ಮಾಡಿ ಕಾಯಬೇಕು ಅಂದರೆ, ತಮ್ಮದೇ ಲೆಕ್ಕಕ್ಕೆ ಅವರು ಬೇರೆಯವರನ್ನು ಕೇಳಿಕೊಂಡ ಹಾಗಾಯಿತು. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ತಾವೇ ಕೇಳಿಕೊಳ್ಳುವಂತೆ ಏನಾದರೂ ಕೊಡಲೇಬೇಕು. ನಿಮ್ಮ ಮುಂದೆ ಐದು ದಾರಿಗಳಿವೆ: ಸಿದ್ಧ ರಿಪೋರ್ಟು, ಸ್ಪ್ರೆಡ್‌ಶೀಟು, ಖಾನೆ ತುಂಬಿ ಕೇಳುವ ಕ್ವೆರಿ (ಡೇಟಾಬೇಸಿಗೆ ಹಾಕುವ ಪ್ರಶ್ನೆ), ಇಂಥ ಕ್ವೆರಿಗಳನ್ನು ಬರೆಯುವ ಭಾಷೆಯಾದ ಎಸ್‌ಕ್ಯೂಎಲ್, ಮತ್ತು ಈಗ ಎಲ್ಲರ ಬಾಯಲ್ಲೂ ಇರುವ ಎಐ.

ಹೋಲಿಸುವಾಗ ಸಾಮಾನ್ಯವಾಗಿ ಎಲ್ಲರೂ ನೋಡೋದು ಯಾವುದರಲ್ಲಿ ಕೇಳುವುದು ಸುಲಭ ಅಂತ. ನನ್ನ ಅಳತೆ ಬೇರೆ. ಉತ್ತರ ತಪ್ಪಾಗಿ ಬಂದರೆ, ಕೇಳಿದವರಿಗೆ ಅದು ಗೊತ್ತಾಗುತ್ತದೆಯೇ? ಎಂಜಿನಿಯರಿಗೆ ಅನುಮಾನ ಬಂದರೆ ಕ್ವೆರಿಯನ್ನು ಬಿಚ್ಚಿ ನೋಡುತ್ತಾರೆ. ಕಾರ್ಯದರ್ಶಿ ಪರದೆಯ ಮೇಲೆ ಬಂದ ಅಂಕಿಯನ್ನು ನಂಬಿ ಸಭೆಯಲ್ಲಿ ಓದುತ್ತಾರೆ. ಆ ಅಂಕಿಯ ಹಿಂದೆ ಒಬ್ಬ ರೈತನ ದುಡ್ಡು ಇರುತ್ತದೆ.

ಸಿದ್ಧ ರಿಪೋರ್ಟು

ಪ್ರಶ್ನೆಯನ್ನು ನೀವೇ ಮೊದಲೇ ಬರೆದಿಡುತ್ತೀರಿ. ಅವರು ದಿನಾಂಕ, ಊರು ಆರಿಸಿ ಒಂದು ಬಟನ್ ಒತ್ತುತ್ತಾರೆ. ಇದನ್ನು ಹಳೆಯ ಕಾಲದ್ದು ಅಂತ ಸುಮ್ನೆ ತಳ್ಳಿಹಾಕಬೇಡಿ. ಸಂಘದಲ್ಲಿ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಮತ್ತೆ ಮತ್ತೆ ಬರುವಂಥವೇ: ಇವತ್ತಿನ ಒಟ್ಟು ಹಾಲು, ಈ ಸಲದ ಬಟವಾಡೆ ಪಟ್ಟಿ, ಪಶು ಆಹಾರದ ಬಾಕಿ. ಇಂಥವಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ತಪ್ಪಿದ್ದರೂ ಒಮ್ಮೆ ಸರಿಮಾಡಿದರೆ ಎಲ್ಲರಿಗೂ ಸರಿಹೋಗುತ್ತದೆ.

ಕೊರತೆಯೂ ಎದ್ದು ಕಾಣುತ್ತದೆ. ನೀವು ಊಹಿಸದ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಪ್ರತಿಯೊಂದಕ್ಕೂ ಹೊಸ ರಿಪೋರ್ಟು ಸೇರಿಸುತ್ತಾ ಹೋದರೆ ಮೆನು ಉದ್ದವಾಗಿ, ಬೇಕಾದದ್ದನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಸ್ಪ್ರೆಡ್‌ಶೀಟು

"ಎಕ್ಸೆಲ್‌ಗೆ ಹಾಕಿಕೊಡಿ, ಮಿಕ್ಕಿದ್ದು ನಾನು ನೋಡಿಕೊಳ್ತೀನಿ" ಅನ್ನುವವರು ಪ್ರತಿ ಕಚೇರಿಯಲ್ಲೂ ಒಬ್ಬರು ಇರುತ್ತಾರೆ. ಅವರ ಮಾತಿನಲ್ಲಿ ತಿರುಳಿದೆ. ಎಕ್ಸೆಲ್‌ನಲ್ಲಿ ಡೇಟಾ ಯಾವಾಗಲೂ ಕಣ್ಣೆದುರಿಗೇ ಇರುತ್ತದೆ. ಫಿಲ್ಟರ್ ಹಾಕಿದರೆ ಯಾವ ಸಾಲು ಉಳಿಯಿತು ಅಂತ ನೋಡಬಹುದು. ಅಂಕಿ ತಪ್ಪು ಅನ್ನಿಸಿದರೆ ಮೇಲಕ್ಕೂ ಕೆಳಕ್ಕೂ ಸರಿಸಿ ಹುಡುಕಬಹುದು. ನನ್ನ ಅಳತೆಯಲ್ಲಿ ಇದು ದೊಡ್ಡ ಗುಣ.

ಆದರೆ ಕಾರ್ಯದರ್ಶಿಯ ಪ್ರಶ್ನೆಯನ್ನೇ ಇಲ್ಲಿಟ್ಟು ನೋಡಿ. ಹಾಲು ಹಾಕದವರ ಸಾಲು ಹಾಲಿನ ಶೀಟಿನಲ್ಲಿ ಇರುವುದೇ ಇಲ್ಲ. ಇಲ್ಲದ ಸಾಲನ್ನು ಫಿಲ್ಟರ್ ತೋರಿಸಲಾರದು, ಸಾಲುಗಳನ್ನು ಗುಂಪು ಮಾಡಿ ಮೊತ್ತ, ಸರಾಸರಿ ತೋರಿಸುವ ಪಿವಟ್ ಟೇಬಲ್ಲೂ ತೋರಿಸಲಾರದು. ಸದಸ್ಯರ ಶೀಟಿಗೆ ಹೋಗಿ, ಪ್ರತಿ ಹೆಸರಿನ ಮುಂದೆ ಎಷ್ಟು ಸಲ ಬಂದಿದೆ ಅಂತ ಎಣಿಸುವ ಕೌಂಟ್‌ಇಫ್ ಸೂತ್ರ ಹಾಕಿ, ಸೊನ್ನೆ ಬಂದವರನ್ನು ಹೆಕ್ಕಬೇಕು. ಆ ಉಪಾಯ ಹೊಳೆಯಬೇಕಲ್ವಾ?

ಸರಾಸರಿಯದ್ದು ಇನ್ನೊಂದು ಕಥೆ. ಒಬ್ಬ ಸದಸ್ಯ ಬೆಳಿಗ್ಗೆ 10 ಲೀಟರ್ ಹಾಕಿದ, ಫ್ಯಾಟ್ 3.5. ಸಂಜೆ 2 ಲೀಟರ್ ಹಾಕಿದ, ಫ್ಯಾಟ್ 5. ಪಿವಟ್ ಟೇಬಲ್ಲಿನಲ್ಲಿ ಸರಾಸರಿ ಅಂತ ಆರಿಸಿದರೆ 4.25 ಬರುತ್ತದೆ. ಎರಡು ಅಂಕಿ ಕೂಡಿಸಿ ಎರಡರಿಂದ ಭಾಗಿಸಿದ್ದು, ಅಷ್ಟೇ. ಆತ ನಿಜವಾಗಿ ಕೊಟ್ಟ ಹಾಲಿನ ಫ್ಯಾಟ್ 3.75. ಲೀಟರನ್ನು ಫ್ಯಾಟ್‌ನಿಂದ ಗುಣಿಸಿ, ಕೂಡಿಸಿ, 12 ಲೀಟರಿನಿಂದ ಭಾಗಿಸಿದರೆ ಅದು ಸಿಗುತ್ತದೆ. ಅರ್ಧ ಪಾಯಿಂಟ್ ವ್ಯತ್ಯಾಸ. ಫ್ಯಾಟ್ ನೋಡಿ ದರ ಕಟ್ಟುವ ಕಡೆ ಇದು ಸಣ್ಣದಲ್ಲ. ಪರದೆಯ ಮೇಲಿನ 4.25 ಮಾತ್ರ ಯಾವ ಅನುಮಾನವನ್ನೂ ಹುಟ್ಟಿಸುವುದಿಲ್ಲ. ಈ ಉದಾಹರಣೆಯನ್ನು ನೆನಪಿಟ್ಟುಕೊಳ್ಳಿ, ಎಐ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಗಾತ್ರದ ಮಿತಿಯೂ ಇದೆ. ಎಕ್ಸೆಲ್ ಶೀಟಿನಲ್ಲಿ 10,48,576 ಸಾಲುಗಳು ಹಿಡಿಯುತ್ತವೆ. 200 ಸದಸ್ಯರು ದಿನಕ್ಕೆ ಎರಡು ಸಲ ಹಾಲು ಹಾಕಿದರೆ ವರ್ಷಕ್ಕೆ 1,46,000 ಸಾಲು. ಎಂಟನೇ ವರ್ಷ ಶೀಟು ತುಂಬಿಹೋಗುತ್ತದೆ. ಒಂದು ತಿಂಗಳ ಡೇಟಾ ಇಳಿಸಿಕೊಂಡು ನೋಡುವುದಕ್ಕೆ ಸ್ಪ್ರೆಡ್‌ಶೀಟು ಚೆನ್ನ. ಎಲ್ಲದಕ್ಕೂ ಅದೇ ಆಧಾರ ಆಗಬಾರದು.

ಖಾನೆ ತುಂಬಿ ಕೇಳುವ ಕ್ವೆರಿ

ಇದರ ಮೂಲ 1970ರ ದಶಕದ ಮಧ್ಯದಲ್ಲಿದೆ. ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ಮೋಶೆ ಝ್ಲೂಫ್ ಅವರು ಕ್ವೆರಿ ಬೈ ಎಕ್ಸಾಂಪಲ್ ಅನ್ನುವ ಭಾಷೆ ರೂಪಿಸಿದರು. ವಾಕ್ಯ ಬರೆಯುವ ಬದಲು, ಪರದೆಯ ಮೇಲೆ ಖಾಲಿ ಟೇಬಲ್ ಬರುತ್ತದೆ. ಊರು ಅನ್ನುವ ಖಾನೆಯಲ್ಲಿ ಹೊಸಹಳ್ಳಿ ಅಂತ ತುಂಬುತ್ತೀರಿ. ಹೆಸರು ಬೇಕು ಅಂತ ಆ ಖಾನೆಯಲ್ಲಿ ಗುರುತು ಹಾಕುತ್ತೀರಿ. ಎರಡು ಟೇಬಲ್ ಜೋಡಿಸಬೇಕಾದರೆ ಎರಡರಲ್ಲೂ ಸದಸ್ಯರ ನಂಬರಿನ ಖಾನೆಯಲ್ಲಿ ಉದಾಹರಣೆಗೆ ಅಂತ ಒಂದೇ ನಂಬರ್ ಬರೆಯುತ್ತೀರಿ. ಕಾಲಂಗಳ ಹೆಸರು ಕಣ್ಣೆದುರಿಗೇ ಇರುವುದರಿಂದ ನೆನಪಿಟ್ಟುಕೊಳ್ಳುವ ಗೋಜಿಲ್ಲ, ಕಾಗುಣಿತ ತಪ್ಪುವ ಭಯವಿಲ್ಲ. ಆ ಕಾಲಕ್ಕೆ ಎಷ್ಟು ಮುಂದಾಲೋಚನೆ ನೋಡಿ! ಮುಂದೆ ಬೋರ್ಲ್ಯಾಂಡ್‌ನ ಪ್ಯಾರಡಾಕ್ಸ್, 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಇದೇ ಜಾಡು ಹಿಡಿದವು. ಇವತ್ತಿನ ಮೆಟಾಬೇಸ್‌ನಂಥ ಮುಕ್ತ ತಂತ್ರಾಂಶಗಳು ಖಾನೆಯ ಜಾಗದಲ್ಲಿ ಹಂತ ಹಂತದ ಪೆಟ್ಟಿಗೆಗಳನ್ನು ಇಟ್ಟಿವೆ. ವಿಚಾರ ಅದೇ.

"ಮತ್ತು", "ಅಥವಾ" ಗೊಂದಲಕ್ಕೂ ಇದು ಒಳ್ಳೆಯ ಪರಿಹಾರ ಕೊಡುತ್ತದೆ. "ಹೊಸಹಳ್ಳಿ ಮತ್ತು ಕೆರೆಕೋಡಿಯ ಸದಸ್ಯರು ಬೇಕು" ಅಂತ ನಾವು ಸಹಜವಾಗಿ ಕೇಳುತ್ತೇವೆ. ಅದನ್ನೇ ಆ್ಯಂಡ್ ಅಂತ ಯಂತ್ರಕ್ಕೆ ಕೊಟ್ಟರೆ, ಒಬ್ಬನೇ ಮನುಷ್ಯ ಎರಡೂ ಊರಿನವನಾಗಿರಬೇಕು ಅಂತ ಹುಡುಕಿ ಖಾಲಿ ಪಟ್ಟಿ ಕೊಡುತ್ತದೆ. ಆಕ್ಸೆಸ್‌ನಲ್ಲಿ ಒಂದೇ ಅಡ್ಡಸಾಲಿನ ಷರತ್ತುಗಳೆಲ್ಲ ಒಟ್ಟಿಗೆ ನಿಜವಾಗಬೇಕು; ಬೇರೆ ಬೇರೆ ಅಡ್ಡಸಾಲಿನಲ್ಲಿ ಬರೆದರೆ ಯಾವುದಾದರೂ ಒಂದು ನಿಜವಾದರೆ ಸಾಕು. ಊರುಗಳ ಪಟ್ಟಿ ತೋರಿಸಿ ಟಿಕ್ ಹಾಕಿಸುವುದು ಇನ್ನೂ ಸರಳ. ಅಲ್ಲಿ ಆ ಪದಗಳೇ ಬೇಕಾಗುವುದಿಲ್ಲ.

ಈಗ ಇದರ ಕಷ್ಟದ ಜಾಗಕ್ಕೆ ಬರೋಣ. ಕಾರ್ಯದರ್ಶಿಗೆ ಒಂದೇ ಪಟ್ಟಿಯಲ್ಲಿ ಪ್ರತಿ ಸದಸ್ಯರ ಒಟ್ಟು ಹಾಲು, ಒಟ್ಟು ಕಡಿತ ಎರಡೂ ಬೇಕು. ಸದಸ್ಯರು, ಹಾಲು, ಕಡಿತ ಮೂರು ಟೇಬಲ್ಲುಗಳನ್ನು ಎಳೆದು ತಂದು ನಂಬರಿನ ಮೇಲೆ ಗೆರೆ ಎಳೆದು ಜೋಡಿಸುತ್ತಾರೆ. ಒಬ್ಬ ಸದಸ್ಯ 15 ದಿನದಲ್ಲಿ 30 ಸಲ ಹಾಲು ಹಾಕಿದ್ದಾನೆ, ಒಟ್ಟು 150 ಲೀಟರ್. ಪಶು ಆಹಾರ ಎರಡು ಸಲ ಒಯ್ದಿದ್ದಾನೆ, ಅಂದರೆ ಕಡಿತದ ಸಾಲು ಎರಡು. ಜೋಡಿಸಿದಾಗ ಹಾಲಿನ ಪ್ರತಿ ಸಾಲೂ ಎರಡೆರಡು ಸಲ ಬರುತ್ತದೆ. 60 ಸಾಲು, 300 ಲೀಟರ್! ಕಡಿತವಂತೂ ಮೂವತ್ತು ಪಟ್ಟಾಗುತ್ತದೆ. ಪಕ್ಕದ ಸದಸ್ಯ ಆಹಾರವನ್ನು ಒಂದೇ ಸಲ ಒಯ್ದಿದ್ದರೆ ಅವನ ಹಾಲಿನ ಲೆಕ್ಕ ಸರಿಯಾಗೇ ಇರುತ್ತದೆ. ಒಯ್ಯದೇ ಇದ್ದವನು ಪಟ್ಟಿಯಿಂದಲೇ ಮಾಯ. ಮೂವರಿಗೆ ಮೂರು ರೀತಿ. ಎಲ್ಲರದ್ದೂ ಒಂದೇ ರೀತಿ ತಪ್ಪಿದ್ದರೆ ಯಾರಾದರೂ ಹಿಡಿದುಬಿಡುತ್ತಿದ್ದರು. ಹೀಗೆ ಅಲ್ಲೊಂದು ಇಲ್ಲೊಂದು ತಪ್ಪಿದರೆ ಹಿಡಿಯುವುದು ಬಹಳ ಕಷ್ಟ.

ಇದನ್ನು ಬಳಸುವವರ ತಲೆಗೆ ಕಟ್ಟಬಾರದು. ಇದು ವಿನ್ಯಾಸ ಮಾಡುವವರ ಹೊಣೆ. ಹಾಲಿನ ಮೊತ್ತ, ಕಡಿತದ ಮೊತ್ತ ಎರಡನ್ನೂ ಸದಸ್ಯರ ಮಟ್ಟಕ್ಕೆ ಮೊದಲೇ ಕೂಡಿಸಿದ ವ್ಯೂಗಳನ್ನು (ಟೇಬಲ್ಲಿನಂತೆಯೇ ಬಳಸಬಹುದಾದ, ಮೊದಲೇ ಬರೆದಿಟ್ಟ ಕ್ವೆರಿಗಳನ್ನು) ನೀವು ಮಾಡಿಟ್ಟು, ಅವನ್ನಷ್ಟೇ ಖಾನೆಗಳಾಗಿ ತೋರಿಸಬೇಕು. ಮೂಲ ಟೇಬಲ್ಲುಗಳನ್ನು ಹಾಗೇ ಬಿಚ್ಚಿಟ್ಟರೆ ಎಷ್ಟು ಚೆಂದದ ಪರದೆ ಇದ್ದರೂ ಪ್ರಯೋಜನವಿಲ್ಲ.

ಹಾಲು ಹಾಕದವರ ಪ್ರಶ್ನೆ ಇಲ್ಲೂ ತಕರಾರು ಮಾಡುತ್ತದೆ. ಅದಕ್ಕಾಗಿಯೇ ಆಕ್ಸೆಸ್‌ನಲ್ಲಿ ಜೋಡಿ ಸಿಗದ ಸಾಲು ಹುಡುಕುವ ಪ್ರತ್ಯೇಕ ವಿಝಾರ್ಡ್ ಇಟ್ಟಿದ್ದಾರೆ. ಆ ಆಯ್ಕೆ ನಿಮ್ಮ ಪರದೆಯಲ್ಲೂ ಇರಲಿ. "ಈ ಪಟ್ಟಿಯಲ್ಲಿದ್ದು ಆ ಪಟ್ಟಿಯಲ್ಲಿ ಇಲ್ಲದವರು" ಅನ್ನುವುದು ಸಂಘ, ಶಾಲೆ, ಗ್ರಂಥಾಲಯ ಎಲ್ಲ ಕಡೆ ಬರುವ ಪ್ರಶ್ನೆ. ಕಂತು ಕಟ್ಟದವರು, ಪರೀಕ್ಷೆಗೆ ಬಾರದವರು, ಪುಸ್ತಕ ಮರಳಿಸದವರು.

ಎಸ್‌ಕ್ಯೂಎಲ್ ಕಲಿಸಿಬಿಟ್ಟರೆ?

ಎಸ್‌ಕ್ಯೂಎಲ್ ಹುಟ್ಟಿದ್ದೇ ಪರಿಣತರಲ್ಲದವರಿಗಾಗಿ. 1970ರಲ್ಲಿ ಇ. ಎಫ್. ಕಾಡ್, ಡೇಟಾವನ್ನು ಟೇಬಲ್ಲುಗಳಾಗಿ ಇಡುವ ರಿಲೇಷನಲ್ ಮಾದರಿಯನ್ನು ಮುಂದಿಟ್ಟರು. ಅದರ ಗಣಿತ ಎಲ್ಲರಿಗೂ ಎಟುಕುವಂತೆ ಇರಲಿಲ್ಲ. 1974ರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಸೀಕ್ವೆಲ್ ಅನ್ನುವ ಹೆಸರಿನಲ್ಲಿ ಎಸ್‌ಕ್ಯೂಎಲ್ ಭಾಷೆಯನ್ನು ಪ್ರಕಟಿಸಿದಾಗ, ಲೆಕ್ಕಿಗರು, ಎಂಜಿನಿಯರುಗಳು, ವಾಸ್ತುಶಿಲ್ಪಿಗಳು, ನಗರ ಯೋಜಕರು ಬಳಸಲಿ ಅನ್ನುವ ಆಸೆ ಅವರದು. ಫಿಲಿಸ್ ರೈಸ್ನರ್ ಅವರು ಕಾಲೇಜು ವಿದ್ಯಾರ್ಥಿಗಳಿಗೆ ಈ ಭಾಷೆ ಕಲಿಸಿ ಪರೀಕ್ಷೆ ಮಾಡಿ ನೋಡಿದರು. ಭಾಷೆಯನ್ನು ಜನರ ಮುಂದಿಟ್ಟು ಪರೀಕ್ಷಿಸುವ ಆ ರೂಢಿ ನಮಗೂ ಬೇಕು.

ಕಲಿಯಬಹುದೇ? ಖಂಡಿತ. ಒಂದು ಟೇಬಲ್ಲಿನಿಂದ ಹೊಸಹಳ್ಳಿಯವರನ್ನು ತೆಗೆಯುವ ಸೆಲೆಕ್ಟ್, ಫ್ರಮ್, ವೇರ್ ವಾಕ್ಯವನ್ನು ಆಸಕ್ತಿ ಇದ್ದವರು ಬೇಗ ಕಲಿಯುತ್ತಾರೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ತಂತ್ರಾಂಶಗಳು ಎರಡೂ ಟೇಬಲ್, ಕಾಲಂ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಒಪ್ಪುತ್ತವೆ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಹೆಸರನ್ನು 63 ಬೈಟಿಗೆ ಕತ್ತರಿಸುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಅಂದರೆ ಗುಣಿತ, ಒತ್ತು ಎಲ್ಲ ಸೇರಿ 21 ಚಿಹ್ನೆ. ಹೆಸರು ಚಿಕ್ಕದಾಗಿರಲಿ.

ಅಡ್ಡ ಬರುವುದು ಎರಡು. ಮೊದಲನೆಯದು ಕ್ರಮ. ಬರೆಯುವಾಗ ಏನು ಬೇಕು ಅನ್ನುವುದು ಮೊದಲು, ಎಲ್ಲಿಂದ ಅನ್ನುವುದು ಆಮೇಲೆ. ಲೆಕ್ಕ ನಡೆಯುವ ಕ್ರಮ ಬೇರೆ: ಟೇಬಲ್, ಸೋಸುವುದು, ಗುಂಪು ಮಾಡುವುದು, ಕೊನೆಗೆ ಆರಿಸುವುದು. ಇದಕ್ಕೆ ಪರಿಹಾರ ಅಂತ ಬಂದದ್ದು ಹಂತ ಹಂತವಾಗಿ ಬರೆಯುವ ಪೈಪ್ ಶೈಲಿ. ಮೈಕ್ರೋಸಾಫ್ಟ್‌ನ ಕುಸ್ಟೋ, ಪಿಆರ್‌ಕ್ಯೂಎಲ್ ಭಾಷೆಗಳು ಹೀಗೇ ಇವೆ. 2024ರಲ್ಲಿ ಗೂಗಲ್‌ನವರೂ ತಮ್ಮ ಎಸ್‌ಕ್ಯೂಎಲ್‌ಗೆ ಇದನ್ನು ಸೇರಿಸುವ ಬಗ್ಗೆ ಬರೆದರು. ನನಗೆ ಈ ಶೈಲಿ ಇಷ್ಟ. ಕಾರಣ, ಪ್ರತಿ ಹಂತದಲ್ಲಿ ನಿಲ್ಲಿಸಿ ಇಲ್ಲಿಯವರೆಗೆ ಏನು ಬಂತು ಅಂತ ನೋಡಬಹುದು. ತಪ್ಪು ಎಲ್ಲಿ ಸೇರಿಕೊಂಡಿತು ಅಂತ ತಾವೇ ಹುಡುಕಬಹುದು.

ಎರಡನೆಯದು ನಲ್, ಅಂದರೆ ಏನೂ ತುಂಬದೆ ಖಾಲಿ ಬಿಟ್ಟ ಜಾಗ. ಕಾರ್ಯದರ್ಶಿ ಶ್ರದ್ಧೆಯಿಂದ ಕಲಿತು, ಹಾಲಿನ ಟೇಬಲ್ಲಿನಲ್ಲಿ ನಂಬರ್ ಇಲ್ಲದ ಸದಸ್ಯರನ್ನು ನಾಟ್ ಇನ್ ("ಈ ಪಟ್ಟಿಯಲ್ಲಿ ಇಲ್ಲದ") ಬಳಸಿ ಕೇಳುತ್ತಾರೆ ಅನ್ನಿ. ಆ ಟೇಬಲ್ಲಿನಲ್ಲಿ ಎಲ್ಲೋ ಒಂದು ಸಾಲಿನಲ್ಲಿ, ಸದಸ್ಯರ ನಂಬರ್ ಹಾಕದೆ ಹಾಲು ನಮೂದಾಗಿದೆ. ಅಷ್ಟು ಸಾಕು, ಉತ್ತರ ಖಾಲಿ. ಆ ಖಾಲಿ ನಂಬರ್ ಯಾರದ್ದೂ ಆಗಿರಬಹುದು, ಹಾಗಾಗಿ ಯಾರ ಬಗ್ಗೆಯೂ "ಇವರು ಹಾಕಿಲ್ಲ" ಅಂತ ಖಚಿತವಾಗಿ ಹೇಳಲಾಗದು ಅನ್ನುವುದು ಎಸ್‌ಕ್ಯೂಎಲ್‌ನ ತರ್ಕ. ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. ಖಾಲಿ ಪಟ್ಟಿ ನೋಡಿದವರು ಎಲ್ಲರೂ ಹಾಲು ಹಾಕಿದ್ದಾರೆ ಅಂತಲೇ ತಿಳಿಯುತ್ತಾರೆ. ನಾಟ್ ಎಕ್ಸಿಸ್ಟ್ಸ್ ("ಇಂಥ ಸಾಲು ಒಂದೂ ಇಲ್ಲದ") ಬಳಸಿದರೆ ಈ ತೊಂದರೆ ಇಲ್ಲ. ಅದನ್ನು ಹೊಸಬರು ತಾವಾಗಿ ಕಂಡುಕೊಳ್ಳುತ್ತಾರೆ ಅಂತ ನಿರೀಕ್ಷಿಸುವುದು ನ್ಯಾಯವಲ್ಲ. ನಂಬರಿನ ಕಾಲಂ ಖಾಲಿ ಬಿಡಲಾಗದಂತೆ ಟೇಬಲ್ ಕಟ್ಟುವಾಗಲೇ ಬಿಗಿ ಮಾಡುವುದು ನಿಮ್ಮ ಕೆಲಸ.

ಎಐಗೆ ಕನ್ನಡದಲ್ಲೇ ಕೇಳುವುದು

ಮಾತಿನಲ್ಲೇ ಕೇಳುವ ಆಸೆ ಹಳೆಯದು. 1970ರ ದಶಕದ ಶುರುವಿನಲ್ಲೇ ವಿಲಿಯಂ ವುಡ್ಸ್ ಅವರ ಲೂನಾರ್, ಚಂದ್ರನಿಂದ ತಂದ ಕಲ್ಲುಗಳ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿತ್ತು. ಮೈಕ್ರೋಸಾಫ್ಟ್ ಕೂಡ ಇಂಗ್ಲಿಷ್ ಕ್ವೆರಿ ಅನ್ನುವುದನ್ನು ಎಸ್‌ಕ್ಯೂಎಲ್ ಸರ್ವರ್ ಜೊತೆ ಕೊಟ್ಟು, 2005ರ ಆವೃತ್ತಿಯಲ್ಲಿ ಕೈಬಿಟ್ಟಿತು. ಹಿಂದಿನವು ಗೊತ್ತಿಲ್ಲದ ಮಾತು ಬಂದರೆ ನಿಂತುಬಿಡುತ್ತಿದ್ದವು. ಈಗಿನ ಎಐಗಳ ಹಿಂದಿರುವ ದೊಡ್ಡ ಭಾಷಾ ಮಾದರಿಗಳು ನಿಲ್ಲುವುದಿಲ್ಲ. ಕನ್ನಡದಲ್ಲಿ ಕೇಳಿದರೂ ಎಸ್‌ಕ್ಯೂಎಲ್ ಬರೆದುಕೊಡುತ್ತವೆ. ಟೈಪ್ ಮಾಡಲು ಬಾರದ ಸದಸ್ಯರೂ ಬಾಯಲ್ಲಿ ಕೇಳಬಹುದಾದ ಕಾಲ ಇದು. ಅದರ ಬೆಲೆ ದೊಡ್ಡದು, ಅನುಮಾನವಿಲ್ಲ.

ಈಗ ಫ್ಯಾಟ್ ವಿಷಯಕ್ಕೆ ಬನ್ನಿ. "ಈ ತಿಂಗಳು ಯಾರ ಸರಾಸರಿ ಫ್ಯಾಟ್ ಜಾಸ್ತಿ?" ಅಂತ ಕೇಳಿದರೆ ಮಾದರಿ ಎರಡರಲ್ಲಿ ಒಂದು ಲೆಕ್ಕ ಹಿಡಿಯುತ್ತದೆ: 4.25ರದ್ದೋ, 3.75ರದ್ದೋ. ಯಾವುದನ್ನು ಹಿಡಿಯಿತು ಅಂತ ಕೇಳಿದವರಿಗೆ ಕಾಣುವುದಿಲ್ಲ. "ಈ ತಿಂಗಳು" ಅಂದರೆ ಒಂದನೇ ತಾರೀಖಿನಿಂದಲೋ, ಬಟವಾಡೆಯ ಲೆಕ್ಕದಲ್ಲೋ? ಒಂದೇ ದಿನ ಹಾಲು ಹಾಕಿದವರನ್ನೂ ಸೇರಿಸಬೇಕೇ? ಇವೆಲ್ಲ ಸಂಘದವರ ತಲೆಯಲ್ಲಿರುವ ವಿಷಯ. ಡೇಟಾಬೇಸಿನಲ್ಲಿ ಬರೆದಿಲ್ಲ.

2023ರಲ್ಲಿ ಪ್ರಕಟವಾದ ಬರ್ಡ್ ಅನ್ನುವ, ಮಾತಿನ ಪ್ರಶ್ನೆಗೆ ಎಸ್‌ಕ್ಯೂಎಲ್ ಬರೆಸಿ ನೋಡುವ ಪರೀಕ್ಷಾ ಸಂಗ್ರಹದಲ್ಲಿ 95 ಡೇಟಾಬೇಸುಗಳಿವೆ. ಆಗ ಜಿಪಿಟಿ-4 ಅನ್ನುವ ಭಾಷಾ ಮಾದರಿ ಸರಿಯಾಗಿ ಉತ್ತರಿಸಿದ್ದು ನೂರಕ್ಕೆ ಸುಮಾರು 55. ಮನುಷ್ಯರದ್ದು ಸುಮಾರು 93. ಆಮೇಲೆ ಬಂದ ಮಾದರಿಗಳು ಮುಂದೆ ಹೋಗಿವೆ. ಆದರೆ ಆ ಪರೀಕ್ಷೆಯಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಕಾಲಂಗಳ ಅರ್ಥ, ಒಳಗಿನ ನಿಯಮಗಳನ್ನು ಜೊತೆಗೆ ತಿಳಿಸಿಕೊಟ್ಟಾಗ ಉತ್ತರಗಳು ಗಮನಾರ್ಹವಾಗಿ ಸುಧಾರಿಸಿದವು. ಹಾಗಾಗಿ ಸರಾಸರಿ ಫ್ಯಾಟ್ ಅಂದರೇನು, ಚಾಲ್ತಿ ಸದಸ್ಯ ಅಂದರೆ ಯಾರು ಅನ್ನುವುದನ್ನು ಸಂಘದವರ ಜೊತೆ ಕೂತು ಒಮ್ಮೆ ಬರೆದಿಡಿ. ಎಐ ಅದನ್ನೇ ಬಳಸಲಿ, ತಾನಾಗಿ ಊಹಿಸುವುದು ಬೇಡ.

ನನ್ನ ಅಭಿಪ್ರಾಯದಲ್ಲಿ ಎಐಯನ್ನು ಉತ್ತರ ಹೇಳಲು ಕೂರಿಸಬಾರದು, ಖಾನೆ ತುಂಬಲು ಕೂರಿಸಬೇಕು. ಕಾರ್ಯದರ್ಶಿ ಕನ್ನಡದಲ್ಲಿ ಕೇಳಲಿ. ಎಐ ಮೇಲೆ ಹೇಳಿದ ಖಾನೆಗಳನ್ನು ತುಂಬಿ ತೋರಿಸಲಿ: ದಿನಾಂಕ ಇಷ್ಟರಿಂದ ಇಷ್ಟರವರೆಗೆ, ಊರು ಎಲ್ಲವೂ, ಲೆಕ್ಕ ಲೀಟರಿಗೆ ತಕ್ಕ ಸರಾಸರಿ. ಕಾರ್ಯದರ್ಶಿ ಅದನ್ನು ಓದಿ, ದಿನಾಂಕ ತಪ್ಪಿದ್ದರೆ ತಿದ್ದಿ, ಆಮೇಲೆ ಒಪ್ಪಲಿ. ಎಸ್‌ಕ್ಯೂಎಲ್ ತೋರಿಸಿ "ಸರಿಯಾ ನೋಡಿ" ಅಂದರೆ ಅದು ಪರಿಶೀಲನೆಯಲ್ಲ. ಓದಲು ಬಾರದ್ದನ್ನು ಹೇಗೆ ಪರಿಶೀಲಿಸುತ್ತಾರೆ?

ಹೊಸಹಳ್ಳಿ ಯಾಕೆ ಸಿಗುತ್ತಿಲ್ಲ?

ಯಾವ ದಾರಿ ಹಿಡಿದರೂ ಕನ್ನಡದ ಡೇಟಾ ಒಂದು ಕೆಲಸ ಕೇಳುತ್ತದೆ. ಎಲ್ಲ ಲಿಪಿಗಳಿಗೂ ಒಂದೊಂದು ಸಂಕೇತ ಕೊಡುವ ಯುನಿಕೋಡ್‌ನಲ್ಲಿ "ಹೊ" ಅಕ್ಷರವನ್ನು ಎರಡು ರೀತಿ ಬರೆಯಬಹುದು: ಹಕಾರಕ್ಕೆ ಒತ್ವದ ಒಂದೇ ಚಿಹ್ನೆ ಹಚ್ಚಿ, ಅಥವಾ ಎತ್ವ ಮತ್ತು ಊತ್ವದ ಎರಡು ಚಿಹ್ನೆ ಜೋಡಿಸಿ. ಪರದೆಯ ಮೇಲೆ ಎರಡೂ ಒಂದೇ. ಹೋಲಿಕೆ ಮಾಡುವಾಗ ಬೇರೆ. ಒಂದು ಸಾಧನದಲ್ಲಿ ಟೈಪ್ ಮಾಡಿದ ಹೊಸಹಳ್ಳಿ, ಇನ್ನೊಂದರಲ್ಲಿ ಹುಡುಕಿದರೆ ಸಿಗದೆ ಹೋಗಬಹುದು. ಡೇಟಾ ಸೇರಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಜೋಡಿಸಿದ ಒಂದೇ ಚಿಹ್ನೆಯ ರೂಪಕ್ಕೆ ತಂದರೆ ಇದು ಬಗೆಹರಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 13ನೇ ಆವೃತ್ತಿಯಿಂದ ಇದಕ್ಕೆ ನಾರ್ಮಲೈಝ್ ಫಂಕ್ಷನ್ ಇದೆ.

ಮಂಜುನಾಥ, ಮಂಜುನಾಥ್ ಎರಡೂ ಇರುತ್ತವೆ. ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಚಿಹ್ನೆ ಅಂಟಿಕೊಂಡಿರುತ್ತದೆ. ೨೫ ಮತ್ತು 25 ಎರಡೂ ಬಂದಿರುತ್ತವೆ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಕೂತ ಕಡತಗಳಿದ್ದರೆ ಅವನ್ನು ಮೊದಲು ಯುನಿಕೋಡಿಗೆ ಬದಲಿಸಲೇಬೇಕು. ಹೆಸರಿನಿಂದ ಹುಡುಕುವ ಕಡೆ ನಂಬರಿನಿಂದಲೂ ಹುಡುಕುವಂತೆ ಇಡಿ. ಹಾಲು ಹಾಕುವವರಿಗೆ ತಮ್ಮ ನಂಬರ್ ಬಾಯಿಪಾಠ ಇರುತ್ತದೆ.

ಖಾಲಿ ಪಟ್ಟಿ ಬಂದಾಗ "ಏನೂ ಸಿಗಲಿಲ್ಲ" ಅಂತ ಹೇಳಿ ಸುಮ್ಮನಾಗಬೇಡಿ. ಯಾವ ಷರತ್ತಿನವರೆಗೆ ಎಷ್ಟು ಮಂದಿ ಉಳಿದಿದ್ದರು, ಯಾವುದನ್ನು ಹಾಕಿದಾಗ ಸೊನ್ನೆಯಾಯಿತು ಅಂತ ತೋರಿಸಿ. ಒಟ್ಟು ಅಂಕಿಯ ಮೇಲೆ ಒತ್ತಿದರೆ ಅದರ ಹಿಂದಿನ ಸಾಲುಗಳು ತೆರೆದುಕೊಳ್ಳಲಿ. ಈ ಎರಡು ಅನುಕೂಲ ಕೊಟ್ಟರೆ ಅರ್ಧ ತಪ್ಪುಗಳನ್ನು ಜನ ತಾವೇ ಹಿಡಿಯುತ್ತಾರೆ ಅನ್ನುವುದು ನನ್ನ ನಂಬಿಕೆ.

ಯಾರಿಗೆ ಯಾವುದು

ಹಾಲು ಅಳೆಯುವವರು, ಕೌಂಟರಿನಲ್ಲಿ ಕೂರುವವರಿಗೆ ಸಿದ್ಧ ರಿಪೋರ್ಟು ಸಾಕು. ಅವರಿಗೆ ಆಯ್ಕೆ ಜಾಸ್ತಿ ಕೊಟ್ಟರೆ ಕೆಲಸ ನಿಧಾನ. ಕಾರ್ಯದರ್ಶಿ, ಮುಖ್ಯೋಪಾಧ್ಯಾಯರು, ಗ್ರಂಥಪಾಲಕರಂಥ ದಿನಾ ಹೊಸ ಪ್ರಶ್ನೆ ಬರುವವರಿಗೆ ಖಾನೆ ತುಂಬುವ ಕ್ವೆರಿ ಕೊಡಿ, ಒಳ್ಳೆಯ ವ್ಯೂಗಳ ಮೇಲೆ. ಅದು ಒಗ್ಗಿದ ಮೇಲೆ ಎಐ ಸೇರಿಸಿ. ಲೆಕ್ಕ ಪರಿಶೋಧಕರಿಗೆ ಎಕ್ಸೆಲ್‌ಗೆ ಇಳಿಸಿಕೊಳ್ಳುವ ಬಟನ್ ಬೇಕೇ ಬೇಕು. ಕಲಿಯುವ ಹುರುಪು ಇರುವ ಒಬ್ಬರಾದರೂ ಸಿಕ್ಕರೆ ಅವರಿಗೆ ಎಸ್‌ಕ್ಯೂಎಲ್ ಕಲಿಸಿ. ಎಲ್ಲರಿಗೂ ಬೇಡ.

ಎಲ್ಲರಿಗೂ ಓದುವ ಅನುಮತಿ ಮಾತ್ರ ಇರಲಿ, ಬದಲಿಸುವ ಅನುಮತಿ ಬೇಡ. ಫೋನ್, ಬ್ಯಾಂಕ್ ಖಾತೆ ನಂಬರಿನ ಕಾಲಂಗಳು ಈ ವ್ಯೂಗಳಲ್ಲಿ ಇರಬಾರದು. ಎಐ ಬಳಸುವುದಾದರೆ ಇದು ಇನ್ನೂ ಮುಖ್ಯ.

ಬಜೆಟ್ ಕಡಿಮೆ ಇದ್ದು ಒಂದನ್ನೇ ಕಟ್ಟಲು ಸಾಧ್ಯ ಅಂದರೆ, ವ್ಯೂಗಳ ಮೇಲೆ ಸಮಯ ಹಾಕಿ. ಮೇಲಿನ ಪರದೆ ಯಾವುದಿದ್ದರೂ ಅದರ ಉತ್ತರ ಬರುವುದು ಅಲ್ಲಿಂದಲೇ. ಸಾಫ್ಟ್‌ವೇರ್ ಕೊಟ್ಟ ಮೊದಲ ತಿಂಗಳು ಜನ ಕೇಳಿದ ಪ್ರತಿ ಪ್ರಶ್ನೆಯನ್ನೂ, ಅರ್ಧಕ್ಕೆ ಬಿಟ್ಟದ್ದನ್ನೂ ಸೇರಿಸಿ ದಾಖಲಿಸಿಕೊಳ್ಳಿ. ಮತ್ತೆ ಮತ್ತೆ ಬರುವವನ್ನು ಸಿದ್ಧ ರಿಪೋರ್ಟು ಮಾಡಿ. ಅರ್ಧಕ್ಕೆ ನಿಂತವು ಯಾವ ಖಾನೆಯಲ್ಲಿ ನಿಂತವು ಅಂತ ನೋಡಿ, ಆ ಖಾನೆಯ ಹೆಸರನ್ನು ಬಳಸುವವರ ಬಾಯಿಂದಲೇ ಕೇಳಿ ಬದಲಿಸಿ.